ಗಬ್ಬದ ದನದ ಹಾಲು

ಲೋಲಾಕ್ಷಿಯವರ ದನ ತುಂಬು ಗಬ್ಬ. ಅಂಥ ದನವನ್ನು ಯಾರೂ ಕರೆಯುವುದಿಲ್ಲ, ಕೆಚ್ಚಲು ಬತ್ತಿಸಿ ಬಿಡುತ್ತಾರೆ. ಆದರೂ ಲೋಲಾಕ್ಷಿ ದಿನಾ ಬೆಳಿಗ್ಗೆ ಹಾಲಿನ ಸೊಸೈಟಿಗೆ ಎರಡು ಲೀಟರ್ ಹಾಲು ಹಾಕುತ್ತಿದ್ದರು. ಮೊದಲ ಲಾಕ್‌ಡೌನಿನ ಬೇಸಿಗೆಯಲ್ಲಿ, ಸಂಪಾಜೆ ರಸ್ತೆಯ ಬದಿಯ ಆ ಸಣ್ಣ ಊರು ರೋಗಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಈ ಹಾಲಿಗೆ.

ಲೋಲಾಕ್ಷಿಗೆ ಆಗ ನಲವತ್ತೇಳು. ಸುಳ್ಯದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಯಾಕೆ ಎಂದು ಊರು ಕೇಳಿ ಕೇಳಿ ಸುಸ್ತಾಗಿ ಬಿಟ್ಟುಬಿಟ್ಟಿತ್ತು. ಬೆಳಿಗ್ಗೆ ಬಸ್ಸಿನ ಕಂಡಕ್ಟರನ ಹತ್ತಿರ ಶುರುವಾದ ಅವರ ಮಾತು ಸಂಜೆ ಅದೇ ಬಸ್ಸಿನಿಂದ ಇಳಿಯುವವರೆಗೆ ನಿಲ್ಲುತ್ತಿರಲಿಲ್ಲ. ಸಾರಿಗೆ ಉಪ್ಪಿಲ್ಲ ಎಂದು ಹುಡುಗಿಯರು ದೂರಿದರೆ, ಉಪ್ಪು ಜಾಸ್ತಿ ತಿಂದವರಿಗೆ ಒಳ್ಳೆಯ ಗಂಡು ಸಿಗುವುದಿಲ್ಲ, ನನ್ನನ್ನೇ ನೋಡಿ ಎನ್ನುತ್ತಿದ್ದ ಹೆಂಗಸು.

ಮಾರ್ಚಿನಲ್ಲಿ ಹಾಸ್ಟೆಲ್ ಮುಚ್ಚಿತು, ಬಸ್ಸು ನಿಂತಿತು. ಇನ್ನೂರು ಜನರ ಗಲಾಟೆಯಲ್ಲಿದ್ದವರಿಗೆ ಒಮ್ಮೆಲೇ ಉಳಿದದ್ದು ಎರಡು ಫೋನು. ಒಂದು ಪುತ್ತೂರಿನ ದರ್ಬೆಯಲ್ಲಿ ಅಂಗಡಿ ಇಟ್ಟಿರುವ ತಮ್ಮ ರೂಪೇಶನದ್ದು. ಊಟ ಆಯ್ತಾ ಎಂದು ಕೇಳುತ್ತಿದ್ದ, ಆಯ್ತು ಎನ್ನುತ್ತಿದ್ದರು, ಮುಗಿಯಿತು. ಇನ್ನೊಂದು ಸರಕಾರದ್ದು. ಜ್ವರ ಉಂಟಾ, ಇಲ್ಲ. ಕೆಮ್ಮು ಉಂಟಾ, ಇಲ್ಲ. ಹಾಗಾದರೆ ನೀವು ಆರೋಗ್ಯವಾಗಿದ್ದೀರಿ. ಮನುಷ್ಯನಿಗೆ ಗಂಟಲಿನಿಂದ ಶ್ವಾಸಕೋಶದವರೆಗೆ ಮಾತ್ರ ಕಾಯಿಲೆ ಬರುತ್ತದೆ ಎಂದು ತೀರ್ಮಾನ ಮಾಡಿದವರು ಯಾರೋ ಗೊತ್ತಿಲ್ಲ.

ಸೊಸೈಟಿ ಮಾತ್ರ ತೆರೆದಿತ್ತು. ಕೈಯಲ್ಲಿ ಹಾಲಿನ ಕ್ಯಾನ್ ಇದ್ದವರನ್ನು ಪೊಲೀಸರು ತಡೆಯುತ್ತಿರಲಿಲ್ಲ. ಸುಣ್ಣದ ಪುಡಿಯಲ್ಲಿ ಎಳೆದ ವೃತ್ತಗಳೊಳಗೆ ನಿಂತು, ಅಷ್ಟು ದೂರದಿಂದಲೇ ಜನ ಕೂಗಿ ಮಾತಾಡುತ್ತಿದ್ದರು. ಅಲ್ಲಿನ ಕಾರ್ಯದರ್ಶಿ ವೆಂಕಟ್ರಮಣರಿಗೆ ಮೊದಲು ಸಂಶಯ ಬಂತು. ದನದ ಹಾಲಿನ ಫ್ಯಾಟ್ ಮೇವು ನೋಡಿ, ಹವೆ ನೋಡಿ ಏರಿಳಿಯುತ್ತದೆ. ಲೋಲಾಕ್ಷಿಯವರ ಹಾಲಿನದ್ದು ಮಾತ್ರ ದಿನಾ ಒಂದೇ.

"ನಿಮ್ಮದು ದನವಾ ಅಕ್ಕ, ಅಲ್ಲ ಮಿಷಿನಾ?" ಎಂದು ಕೇಳಿದರು.

"ನೀವು ಮಾಸ್ಕ್ ಹಾಕುದು ಗಡ್ಡಕ್ಕೆ, ನನ್ನ ದನದ ಸುದ್ದಿ ಯಾಕೆ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸಂಶಯ ಆ ದಿನ ನಗೆಯಲ್ಲಿ ಹೋಯಿತು.

ನಂತರ, ಹುಲ್ಲಿಗೆಂದು ಹೋದ ನೆರೆಮನೆಯ ಸುಂದರಿ ಲೋಲಾಕ್ಷಿಯವರ ದನದ ಹಟ್ಟಿಯೊಳಗೆ ಇಣುಕಿದಳು. ಬತ್ತಿದ ಕೆಚ್ಚಲು, ಇವತ್ತೋ ನಾಳೆಯೋ ಎಂಬಂಥ ಹೊಟ್ಟೆ. ಮಧ್ಯಾಹ್ನದೊಳಗೆ ಸುದ್ದಿ ಎಲ್ಲರ ಮೊಬೈಲಿನಲ್ಲಿತ್ತು. ಇಂಜೆಕ್ಷನ್ ಚುಚ್ಚಿ ಕರೆಯುವುದು ಎಂದ ಒಬ್ಬ. ಪುಡಿ ಕಲಸುವುದು ಎಂದ ಇನ್ನೊಬ್ಬ. ಸಂಜೆಯಾಗುವಾಗ ಎಲ್ಲರಿಗೂ ಇಷ್ಟವಾದ ಉತ್ತರ ಸಿಕ್ಕಿತು: ಆಯಿಶಮ್ಮ.

ಆಯಿಶಮ್ಮನ ಮನೆ ಲೋಲಾಕ್ಷಿಯವರ ಗುಡ್ಡೆಯ ಕೆಳಗೆ. ಮಗ ರೋಗ ಹೆಚ್ಚಿದ್ದ ಕಾಸರಗೋಡಿಗೆ ಲಾರಿ ಓಡಿಸಿ ಬಂದವನೆಂದು ಆ ಮನೆಯನ್ನು ಸೀಲ್ ಮಾಡಿದ್ದರು. ಅವರ ಎರಡು ದನಗಳ ಹಾಲನ್ನು ಸೊಸೈಟಿ ಬೇಡ ಎಂದಿತ್ತು. ಆ ಹಾಲನ್ನೇ ಲೋಲಾಕ್ಷಿ ಗುಟ್ಟಾಗಿ ತಂದು ನಮ್ಮ ಹಾಲಿಗೆ ಸೇರಿಸುತ್ತಿದ್ದಾಳೆ, ಊರಿಗೇ ರೋಗ ಹಂಚುತ್ತಿದ್ದಾಳೆ ಎಂದರು. ಕಂಡವರು ಯಾರು? ಯಾರೂ ಇಲ್ಲ. ಪುರಾವೆ ಎಲ್ಲಿ? ಯಾರೂ ಕೇಳಲಿಲ್ಲ. ಆ ಬೇಸಿಗೆಯಲ್ಲಿ ಕೆಲವರ ಹೆಸರೇ ಪುರಾವೆಯಾಗಿತ್ತು.

ಮರುದಿನ ಸೊಸೈಟಿಯ ಅಧ್ಯಕ್ಷ ಜತ್ತಪ್ಪ ಗೌಡರು ಬೆಳಿಗ್ಗೆಯೇ ಬಂದು ಕೂತಿದ್ದರು. ಲೋಲಾಕ್ಷಿಯ ಸರದಿ ಬಂದಾಗ ಕ್ಯಾನಿಗೆ ಕೈ ಅಡ್ಡ ಹಿಡಿದರು.

"ಆಯಿಶಮ್ಮನ ಹಾಲಾದ್ರೆ ಹೌದು ಅಂತ ಹೇಳು ಲೋಲಾಕ್ಷಿ. ನಿನಗೆ ಎಂತದೂ ಮಾಡುದಿಲ್ಲ, ನಾಳೆಯೂ ಬಾ. ಕಂಪ್ಲೇಂಟ್ ಕೊಡುದು ಅವರ ಮೇಲೆ."

ಒಂದು ಹೌದು ಎಂದಿದ್ದರೆ ಸಾಕಿತ್ತು, ವೃತ್ತದೊಳಗಿನ ಜಾಗ ಲೋಲಾಕ್ಷಿಗೆ ಉಳಿಯುತ್ತಿತ್ತು. ಕೆಳಗಿನ ಮನೆಗೆ ಪೊಲೀಸರು ಬರುತ್ತಿದ್ದರು. ಮಾತಿಲ್ಲದ ಲೋಲಾಕ್ಷಿಯನ್ನು ಊರು ಕಂಡದ್ದು ಅದೇ ಮೊದಲು.

"ಅವರದ್ದಲ್ಲ," ಎಂದರು ಕೊನೆಗೆ. "ಪ್ಯಾಕೆಟಿನ ಹಾಲು. ಮಡಿಕೇರಿ ಕಡೆ ಹೋಗುವ ಹಾಲಿನ ಗಾಡಿಯವ ಗೇಟಿಗೆ ಸಿಕ್ಕಿಸಿ ಹೋಗ್ತಾನೆ. ಖಾಲಿ ಪ್ಯಾಕೆಟ್ ಹಟ್ಟಿಯ ಹಿಂದೆ ಗೋಣಿಯಲ್ಲಿ ಉಂಟು, ಬೇಕಾದ್ರೆ ನೋಡಿ."

ಮೊದಲು ನಕ್ಕದ್ದು ಸುಂದರಿ. "ಜಾಸ್ತಿ ಕೊಟ್ಟು ತಂದು ಕಮ್ಮಿಗೆ ಹಾಕುದಾ ಮಾರಾಯ್ತಿ? ಅದರಲ್ಲಿ ಎಂತ ಲಾಭ?"

"ಕ್ಯಾನ್ ಇಲ್ಲದಿದ್ರೆ ಪೊಲೀಸರು ಬಿಡುದಿಲ್ಲ. ನನಗೆ ಇಲ್ಲಿ ಬಂದು ನಿಲ್ಬೇಕಿತ್ತು."

"ಇಲ್ಲಿ ಎಂತ ಉಂಟು?"

"ನೀವೆಲ್ಲ ಇರ್ತೀರಲ್ಲ."

ಆಗ ಎಲ್ಲರ ನಗು ನಿಂತಿತು ಎಂದು ಬರೆದರೆ ಚೆಂದ ಇರುತ್ತಿತ್ತು. ನಿಲ್ಲಲಿಲ್ಲ. ಇಬ್ಬರು ಹೋಗಿ ಗೋಣಿ ಕೊಡವಿ ನೋಡಿ ಬಂದರು, ಪ್ಯಾಕೆಟುಗಳಿದ್ದವು. ಆಯಿಶಮ್ಮನ ಮೇಲಿನ ಸಂಶಯ ಅಲ್ಲಿಗೆ ಹೋಯಿತು, ಹೊಸದೊಂದು ಬಂತು. ಹಣ ಕೊಟ್ಟು ನಷ್ಟ ಮಾಡಿಕೊಳ್ಳುವವಳ ತಲೆ ಸರಿ ಇರಲಿಕ್ಕೆ ಸಾಧ್ಯವಾ? ದನ ಕರು ಹಾಕುವವರೆಗೆ ಸೊಸೈಟಿ ಕಡೆ ಬರಬಾರದು ಎಂದು ಜತ್ತಪ್ಪರು ತೀರ್ಪು ಕೊಟ್ಟರು. ಯಾರೋ ದರ್ಬೆಗೆ, ರೂಪೇಶನಿಗೆ ಫೋನ್ ಮಾಡಿದರು. ದಿನಾ ಮಾತಾಡುತ್ತೇನಲ್ಲ, ಇನ್ನೆಂತ ಬೇಕು, ಊರಲ್ಲಿ ಮಾನ ತೆಗೆದೆ ಎಂದು ಅವನು ಅಕ್ಕನಿಗೆ ಬೈದ. ಸರಕಾರದ ಫೋನೂ ಬಂತು. ಜ್ವರ ಇರಲಿಲ್ಲ, ಕೆಮ್ಮು ಇರಲಿಲ್ಲ.

ಕೆಳಗಿನ ಮನೆಯಲ್ಲಿ ಯಾರಿಗೂ ರೋಗ ಇರಲಿಲ್ಲ, ಸೀಲ್ ತೆಗೆದರು. ಅವರ ಕ್ಷಮೆ ಕೇಳಲು ಯಾರೂ ಗುಡ್ಡೆ ಇಳಿಯಲಿಲ್ಲ. ವಿಷಯ ತಿಳಿದು ಆಯಿಶಮ್ಮ ತಾವೇ ಗುಡ್ಡೆ ಹತ್ತಿ ಬಂದು, ಲೋಲಾಕ್ಷಿಯವರ ಅಂಗಳದಲ್ಲಿ ನಿಂತು ಕರೆದರು. ಬಾಗಿಲು ತೆರೆಯಲಿಲ್ಲ. "ನೀವು ಹೋಗಿ ಆಯಿಶಮ್ಮ, ನೋಡುವವರಿದ್ದಾರೆ" ಎಂದಷ್ಟೇ ಒಳಗಿನಿಂದ ಕೇಳಿತು.

ದನ ಕರು ಹಾಕಿತು. ಲೋಲಾಕ್ಷಿ ಸೊಸೈಟಿಗೆ ಬರಲಿಲ್ಲ. ಬಸ್ಸು ಓಡತೊಡಗಿತು, ಹಾಸ್ಟೆಲ್ ತೆರೆದು ಹೇಳಿ ಕಳಿಸಿತು, ಹೋಗಲಿಲ್ಲ. ತಮ್ಮನ ಫೋನ್ ಎತ್ತುವುದನ್ನೂ ಬಿಟ್ಟರು. ಅವಳಿಗೆ ಸಂಶಯದ ಕಾಯಿಲೆ, ಯಾರನ್ನೂ ನಂಬುವುದಿಲ್ಲ ಎಂದು ಊರು ಈಗ ಹೇಳುತ್ತದೆ. ಆ ಕಾಯಿಲೆ ಯಾರಿಂದ ಅಂಟಿತು ಎಂದು ಪತ್ತೆ ಹಚ್ಚಲು ಮಾತ್ರ ಯಾರೂ ಹೊರಡುವುದಿಲ್ಲ.

ಕಳೆದ ತಿಂಗಳು ಸೊಸೈಟಿಗೆ ಬರುವ ಹಾಲು ಕಡಿಮೆಯಾಯಿತು. ಇನ್ನೂ ಇಳಿದರೆ ಹಾಲು ಒಯ್ಯುವ ಲಾರಿ ಈ ದಾರಿಗೆ ಬರುವುದಿಲ್ಲ ಎಂಬ ಮಾತು ಕೇಳಿ ಬಂತು. ದನ ಇರುವ ಮನೆಗಳನ್ನೆಲ್ಲ ನೆನಪು ಮಾಡಿಕೊಂಡ ಜತ್ತಪ್ಪರು, ಹೋಗಿ ಕರೆದು ಬನ್ನಿ ಎಂದು ವೆಂಕಟ್ರಮಣರನ್ನು ಲೋಲಾಕ್ಷಿಯವರ ಮನೆಗೆ ಕಳಿಸಿದರು.

ಕರೆದು ಕರೆದು ಸಾಕಾಗುವಾಗ ಕಿಟಕಿಯ ಒಂದು ಬಾಗಿಲು ತೆರೆಯಿತು. ವೆಂಕಟ್ರಮಣರು ಕ್ಷೇಮ ಕೇಳಿದರು. ಹಟ್ಟಿಯ ಕಡೆ ಕೈ ತೋರಿಸಿದರು.

"ದನ ಒಳ್ಳೆ ಉಂಟಲ್ಲ ಅಕ್ಕ. ಇನ್ನು ಹಾಲು ತರ್ಬಹುದಲ್ಲ? ನಿಮ್ಮನ್ನು ನೋಡದೆ ಎಷ್ಟು ಸಮಯ ಆಯ್ತು."

"ಯಾರು ಕಳಿಸಿದ್ದು ನಿಮ್ಮನ್ನು?"

"ಯಾರೂ ಇಲ್ಲಪ್ಪ. ನಾನೇ ಬಂದದ್ದು."

ಲೋಲಾಕ್ಷಿ ಅವರ ಮುಖವನ್ನೇ ನೋಡಿದರು. ಆಮೇಲೆ ಕಿಟಕಿ ಮುಚ್ಚಿ ಚಿಲಕ ಹಾಕಿಕೊಂಡರು.