ಜಡೆ ಹಿಡಿದ ಕೈ

ಹಿಂದೂಪುರದ ಬಸ್ ನಿಲ್ದಾಣದಲ್ಲಿ ಹೂವು ಮಾರುತ್ತಿದ್ದ ಅಮ್ಮನೊಬ್ಬಳಿಗೆ ಸೊಂಟದವರೆಗೆ ಇಳಿಬಿದ್ದ ಐದು ಜಡೆಗಳಿದ್ದವು. ಹೆಣೆದವಲ್ಲ, ತಾವಾಗಿ ಗಂಟುಗಟ್ಟಿದವು. ಐದೋ ಏಳೋ, ನನ್ನ ನೆನಪನ್ನು ಪೂರ್ತಿ ನಂಬಬೇಡಿ. "ಎಲ್ಲಮ್ಮ ಕೊಟ್ಟವ್ಳೆ, ಮುಟ್ಟಬ್ಯಾಡ ಕಣಪ್ಪ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಕಲ್ಯಾಣದುರ್ಗದ ಬಸ್ಸಿಗೆ ಕಾಯುತ್ತಿದ್ದೆ. ಅವಳ ಒಂದು ಜಡೆ ಬುಡದಲ್ಲಿ ಸವೆದು ನಾಲ್ಕೇ ಎಳೆಗಳಲ್ಲಿ ನೇತಾಡುತ್ತಿತ್ತು. ಅದು ಬಿದ್ದರೆ ದೇವಿ ತನ್ನನ್ನು ಬಿಟ್ಟುಹೋಗುತ್ತಾಳೆಂದು ಹೆದರಿ ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಒಂದೇ ಕೈಯಲ್ಲಿ ಹೂವು ಕಟ್ಟುವುದು ಹೇಗೆ? ಬುಟ್ಟಿಯಲ್ಲಿ ಬಿಡಿಹೂವು ಬಾಡುತ್ತಿತ್ತು.

ಅಷ್ಟರಲ್ಲಿ ಅದೇ ಬಸ್ಸಿಗೆಂದು ಆಫ್ರಿಕಾದ ಒಬ್ಬ ವಿದ್ಯಾರ್ಥಿ ಬಂದ. ಅವನ ತಲೆಯ ತುಂಬಾ ಅಂಥವೇ ಜಡೆಗಳು! ಅವಳು ಎದ್ದೇ ನಿಂತಳು.

"ನಿಂಗ್ಯಾವ ದೇವ್ರು ಬಂದೈತಪ್ಪ?"

"ದೇವುಡು ಲೇದಮ್ಮಾ. ನಾಕು ಇಷ್ಟಂ," ಎಂದ, ಕಲಿತಷ್ಟು ತೆಲುಗಿನಲ್ಲಿ. ದೇವರೇನೂ ಇಲ್ಲ, ತನಗಿಷ್ಟ ಅಷ್ಟೇ ಎಂದು.

"ದೇವ್ರು ಹೇಳ್ದೇನೇ ಇಷ್ಟೊಂದು ಭಾರ ಹೊತ್ಕೊಂಡಿದ್ದೀಯೇನ್ಲಾ!"

ಅವನು ನಗುತ್ತಾ ಚೀಲದಿಂದ ಕೊಕ್ಕೆಸೂಜಿ ತೆಗೆದು, ತನ್ನದೇ ಒಂದು ಜಡೆಯ ಬುಡ ತೋರಿಸಿದ. ಅಲ್ಲೂ ಸವೆದಿದ್ದನ್ನು ಪಕ್ಕದ ಕೂದಲಿಗೆ ಸೇರಿಸಿ ಹೆಣೆದಿದ್ದ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಬಗ್ಗಿಸಿದಳು.

"ಮುಟ್ಟಪ್ಪ."

ಸೂಜಿ ಒಳಗೂ ಹೊರಗೂ ಓಡಿತು. ಬಸ್ಸೂ ಓಡಿತು. ನಾವಿಬ್ಬರೂ ಹತ್ತಲಿಲ್ಲ. ಕೊನೆಗೆ ಅವಳು ಉಸಿರು ಬಿಗಿಹಿಡಿದು ಕೈ ಬಿಟ್ಟಳು. ಜಡೆ ನಿಂತಿತು!

ಕೂಡಲೇ ಕೂತು ಒಂದು ಮೊಳ ಹೂವು ಕಟ್ಟಿ ಅವನ ಜಡೆಗಳಿಗೆ ಸುತ್ತಿದಳು. ಕನಕಾಂಬರವೋ ಮಲ್ಲಿಗೆಯೋ ಹೇಳಲಾರೆ. ಕಟ್ಟಿದ್ದು ಎರಡೂ ಕೈಯಲ್ಲಿ.