ಆಪ್-ಆಂಪ್ ಸರ್

ಪಾಠದ ನಡುವೆ ತಮ್ಮ ಕಿವಿಯನ್ನು ತಾವೇ ಹಿಂಡಿಕೊಳ್ಳುವ ಮೇಷ್ಟ್ರನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮ ಪದ್ಮನಾಭ ಸರ್. ಮಂಗಳೂರಿನ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ನಾನು ಮೊದಲು ಅವರ ಶಿಷ್ಯೆ, ಆಮೇಲೆ ಅವರದೇ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್.

"ಆಪ್-ಆಂಪ್ ಅಂದ್ರೆ ಎಂತ? ಪ್ಲಸ್, ಮೈನಸ್ ಅಂತ ಎರಡು ಕಿವಿ ಇರುವ ಚಿಪ್, ಎರಡು ಕಡೆಯ ಮಾತು ಕೇಳುವವ. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಸಾಕು, ಲಕ್ಷ ಪಾಲು ದೊಡ್ಡದು ಮಾಡಿ ಹೇಳ್ತಾನೆ. ಇವನನ್ನು ಸುಮ್ಮನೆ ಬಿಡ್ಲಿಕ್ಕೆ ಉಂಟಾ? ಔಟ್‌ಪುಟ್‌ನಿಂದ ಒಂದು ವಯರ್ ತಂದು ಮೈನಸ್‌ಗೆ ಕೊಡಿ. ಹೆಚ್ಚು ಮಾತಾಡಿದ ಕೂಡ್ಲೇ ತನ್ನ ಕಿವಿ ತಾನೇ ಹಿಂಡ್ಕೊಳ್ತಾನೆ." ಹಿಂಡಿ ತೋರಿಸುತ್ತಿದ್ದರು. "ಅದನ್ನೇ ಪ್ಲಸ್‌ಗೆ ಕೊಟ್ರೆ ತನ್ನ ಬೆನ್ನು ತಾನೇ ತಟ್ಕೊಂಡ ಹಾಗೆ. ಉಬ್ಬಿ ಉಬ್ಬಿ ಸಪ್ಲೈ ವೋಲ್ಟೇಜಿಗೆ ತಲೆ ಬಡಿದು ನಿಲ್ತಾನೆ." ಬೆನ್ನು ತಟ್ಟಿಕೊಳ್ಳಲು ಹೋಗಿ ಅಂಗಿ ಪ್ಯಾಂಟಿನಿಂದ ಈಚೆ ಬರುತ್ತಿತ್ತು. ಹೀಗೆ ಔಟ್‌ಪುಟ್ಟನ್ನು ತಿರುಗಿ ಒಳಕ್ಕೇ ಕೊಡುವ ಫೀಡ್‌ಬ್ಯಾಕ್ ಎಂದರೆ ಬೆವರುತ್ತಿದ್ದ ನನಗೆ ವಿಷಯ ತಲೆಗೆ ಹೋದದ್ದು ಹಾಗೆ.

ಮಕ್ಕಳೆಲ್ಲ ಕಂಪ್ಯೂಟರ್ ಕಡೆ ಓಡಿ ನಮ್ಮ ಬೆಂಚುಗಳು ಖಾಲಿಯಾದವು. ಈ ಬೇಸಿಗೆಯಲ್ಲಿ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿ, "ಒಂದು ಅಡ್ಮಿಷನ್ ಆದ್ರೂ ತನ್ನಿ ಸರ್. ಇಲ್ಲದಿದ್ರೆ ಬ್ರಾಂಚ್ ಮುಚ್ಚುದೇ" ಎಂದುಬಿಟ್ಟರು. ಮುಚ್ಚಿದರೆ ಇಬ್ಬರಿಗೂ ಕೆಲಸವಿಲ್ಲ. ಬೇರೆ ಬ್ರಾಂಚಿನವರು ಬಣ್ಣದ ಬ್ರೋಶರ್ ಹಿಡಿದು ಮನೆಮನೆಗೆ ಹೊರಟರೆ, ಸರ್ ಟಿಫಿನ್ ಡಬ್ಬಿಯಲ್ಲಿ ಒಂದು ಆಪ್-ಆಂಪ್ ಸರ್ಕ್ಯೂಟ್ ಇಟ್ಟುಕೊಂಡು ನನ್ನನ್ನೂ ಕರೆದುಕೊಂಡು ಹೊರಟರು. ಅದರ ಬೆಳಕಿನ ಸೆನ್ಸರಿಗೆ ಅಂಗೈ ಮರೆಮಾಡಿದರೆ ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು. ಕುದ್ರೋಳಿಯಲ್ಲಿ ಒಬ್ಬಾಕೆ ನಾವು ಏನೋ ಮಾರಲು ಬಂದವರೆಂದು ತಿಳಿದು ಗೇಟಿನಿಂದಲೇ, "ನಮ್ಮಲ್ಲಿ ಕಾಲಿಂಗ್ ಬೆಲ್ ಉಂಟು, ಬೇಡ" ಎಂದರು. ನನಗೆ ಅಳು ಬಂತು. ಸರ್ ನಗುತ್ತಲೇ ಡಬ್ಬಿ ಮುಚ್ಚಿ ಮುಂದಿನ ಗೇಟಿನತ್ತ ನಡೆದರು.

ಕೊನೆಗೆ ಬಂದರಿನಲ್ಲಿ ಮೆಣಸಿನ ಸಗಟು ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಅವರ ಮಗಳು ಅಫ್ರೀನ್ ಸಿಕ್ಕಿದಳು. ಮತ್ತೆ ಮತ್ತೆ ಅಂಗೈ ಅಡ್ಡ ಹಿಡಿದು ನೋಡಿ ಕೇಳಿದಳು, "ಇದು ಸ್ವಲ್ಪ ಸ್ವಲ್ಪ ಯಾಕೆ ಹೊತ್ತುದಿಲ್ಲ ಸರ್? ಒಂದೋ ಪೂರ್ತಿ, ಇಲ್ಲದಿದ್ರೆ ಇಲ್ಲವೇ ಇಲ್ಲ."

ಸರ್ ಮುಖ ಅರಳಿತು. "ಇದರಲ್ಲಿ ಕಿವಿ ಹಿಂಡುವ ವಯರ್ ಇಲ್ಲ, ಅದಕ್ಕೆ" ಎಂದು ಗೋಣಿಚೀಲದ ಮೇಲೆಯೇ ಕುಳಿತು ಪಾಠ ಶುರುಮಾಡಿದರು. ಮೆಣಸಿನ ಘಾಟಿಗೆ ಸೀನುತ್ತಾ ಹೇಳಿದರು, ಅವಳೂ ಸೀನುತ್ತಾ ಕೇಳಿದಳು. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

ಅವಳ ತಂದೆ ಎಲ್ಲ ನೋಡಿ, "ನಿಮ್ಮನ್ನು ನಂಬಿ ಮಗಳನ್ನು ಹಾಕ್ತೇನೆ ಮಾಸ್ಟ್ರೇ. ಮೂರು ವರ್ಷ ನೀವೇ ಕಲಿಸ್ತೀರಲ್ಲ?" ಎಂದರು.

ಹೂಂ ಅನ್ನಿ ಸರ್, ಹೂಂ ಅನ್ನಿ ಎಂದು ನಾನು ಮನಸ್ಸಿನಲ್ಲೇ ಗೋಗರೆದೆ. ಸರ್ ಡಬ್ಬಿಯ ಮುಚ್ಚಳ ಹಾಕಿದರು.

"ಗೊತ್ತಿಲ್ಲ ಸಾಹೇಬ್ರೇ. ಬ್ರಾಂಚ್ ಮೂರು ವರ್ಷ ಉಳೀತದೆ ಅಂತ ನನಗೇ ಧೈರ್ಯ ಇಲ್ಲ. ಮಗುವನ್ನು ನಡುನೀರಲ್ಲಿ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅಫ್ರೀನ್ ಬೇರೆ ಕಾಲೇಜಿನಲ್ಲಿ ಕಂಪ್ಯೂಟರ್ ಸೇರಿದಳು. ಅಂದು ಅಂಗಡಿಯಿಂದ ಹೊರಬಿದ್ದ ಕೂಡಲೇ ಬೀದಿಯಲ್ಲೇ ನಾನು ರೇಗಿದ್ದೆ. "ಒಂದು ಹೂಂ ಅಂದಿದ್ರೆ ಎಂತ ಆಗ್ತಿತ್ತು ಸರ್?"

"ಹೂಂ ಅನ್ಲಿಕ್ಕೇ ಬಾಯಿ ತೆರೆದದ್ದು ಮಾರಾಯ್ತಿ. ಬರ್ಲಿಲ್ಲ."

ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಅವರ ಮೇಲಿನ ಪ್ರೀತಿಯೂ ಇಳಿದಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಬ್ರಾಂಚ್ ಮುಚ್ಚಿ ಲ್ಯಾಬ್ ಖಾಲಿ ಮಾಡುವ ದಿನ. ಆಪ್-ಆಂಪ್ ಚಿಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದನ್ನೂ ಒಳ್ಳೆಯದನ್ನೂ ಬೇರೆ ಬೇರೆ ಇಡುತ್ತಿದ್ದರು. "ಎಲ್ಲ ಗುಜರಿಗೆ ಹೋಗುದಲ್ವಾ ಸರ್?" ಎಂದೆ.

ಅವರ ಕೈ ನಿಂತಿತು. "ಐವತ್ತು ದಾಟಿತು ಮುಮ್ತಾಜ್. ನನಗೆ ಬೇರೆ ಎಂತ ಬರ್ತದೆ? ನೀನೇ ಹೇಳು."

ಪ್ಯೂನ್ ಕೀಲಿಕೈಗೆ ಕಾದು ಬಾಗಿಲಲ್ಲಿ ನಿಂತಿದ್ದ. ನಾನು ಲ್ಯಾಬಿನ ಫ್ಯಾನುಗಳನ್ನು ಒಂದೊಂದಾಗಿ ಆರಿಸುತ್ತಾ ಹೋದೆ. ಅವರ ತಲೆಯ ಮೇಲಿನದನ್ನು ಆರಿಸಲು ಮಾತ್ರ ಕೈ ಏಳಲಿಲ್ಲ.