ಎಂಟಕ್ಷರದ ಹೆಸರುಗಳು

"ಕಿತ್ತಾಕಮ್ಮ ಅದುನ್ನ. ಆ ಕಾಲದ ಕಂಪ್ಯೂಟರು ಈಗ ಯಾರತ್ರ ಐತೆ?" ಎಂದು ಮಡಕಶಿರದ ಅಣ್ಣ ಫೋನಿನಲ್ಲಿ ನಕ್ಕರು.

ಅಣ್ಣ ನನ್ನ ಒಡಹುಟ್ಟಿದವರಲ್ಲ. ಜೀನ್ಸ್ ಪ್ಯಾಂಟಿನ ಯಾವ ತುಂಡನ್ನು ಯಾವ ಅಳತೆಗೆ ಕತ್ತರಿಸಬೇಕೆಂದು ಕಂಪ್ಯೂಟರಿನಲ್ಲಿ ಬಿಡಿಸಿ ಇಟ್ಟುಕೊಳ್ಳುವ ಪ್ರೋಗ್ರಾಮನ್ನು ಮೊದಲು ಬರೆದವರು ಅವರು. ಅವರ ಕಣ್ಣು ಸೋತ ಮೇಲೆ ಅದರ ಕೆಲಸ ನನ್ನ ಕೈಗೆ ಬಂದಿತ್ತು. ರಾಯದುರ್ಗದಲ್ಲಿ ಬೀದಿಗೊಂದು ಹೊಲಿಗೆ ಘಟಕ ಎದ್ದಿದ್ದ ವರ್ಷಗಳವು. ಗಾರ್ಮೆಂಟ್ಸ್‌ಗೆಂದು ಬೆಂಗಳೂರಿಗೆ ಹೋದವರಲ್ಲಿ ಕೆಲವರು ಮರಳಿ ಬಂದು ನಮ್ಮಲ್ಲೇ ಮಿಷನ್ ಮುಂದೆ ಕೂರತೊಡಗಿದ್ದರು. ನಾನು ಗುಡ್ಡದ ಕೆಳಗಿನ ನಮ್ಮ ಮನೆಯ ಹೊರಕೋಣೆಯಲ್ಲಿ ಕೂತು ಆ ಘಟಕಗಳ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದೆ.

ಅಣ್ಣನ ಪ್ರೋಗ್ರಾಮು ಹಳೆಯ, ಹೊಸ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಫೈಲು ಇಡುತ್ತಿತ್ತು. ತೀರಾ ಹಳೆಯ ಬಗೆಯದರಲ್ಲಿ ಫೈಲಿನ ಹೆಸರು ಎಂಟಕ್ಷರ ಮೀರುವಂತಿರಲಿಲ್ಲ. ಅದರ ಫೈಲು ಇಡಲು, ತೆರೆಯಲು ಬರೆದ ಭಾಗ ಹೊಸ ಕಂಪ್ಯೂಟರಿನಲ್ಲೂ ಸುಮ್ಮನಿರದೆ ಉದ್ದ ಹೆಸರುಗಳ ಬಾಲ ಕತ್ತರಿಸುತ್ತಿತ್ತು. ಹಾಗಾಗಿ ಒಂದು ಘಟಕದಲ್ಲಿ ದೊಡ್ಡವರ ಪ್ಯಾಂಟಿನ ಹಿಂಭಾಗ, ಮಕ್ಕಳ ಪ್ಯಾಂಟಿನ ಹಿಂಭಾಗ ಎರಡಕ್ಕೂ ಒಂದೇ ಹೆಸರು ಬಂದು, ಒಂದರ ಮೇಲೊಂದು ಕೂತು, ಒಂದು ಅಳಿಸಿಹೋಯಿತು. ಥಾನುಗಟ್ಟಲೆ ಬಟ್ಟೆ ತಪ್ಪು ಅಳತೆಗೆ ಕತ್ತರಿಸಿಹೋದ ಮೇಲೆ, ಆ ಭಾಗವನ್ನು ತೆಗೆಯಲೇಬೇಕೆಂದು ತೀರ್ಮಾನಿಸಿ ನಾನು ಅಣ್ಣನಿಗೆ ಫೋನು ಮಾಡಿದ್ದೆ.

ತೆಗೆಯುವ ಮುನ್ನ ಆ ಘಟಕದ ಫೈಲುಗಳನ್ನೆಲ್ಲ ಒಮ್ಮೆ ನೋಡಿದೆ. ಅಲ್ಲಿ ಕೆಲವು ಫೈಲುಗಳ ಹೆಸರು ಪೂರಾ ಇಂಗ್ಲಿಷಿನ ದೊಡ್ಡಕ್ಷರದಲ್ಲಿತ್ತು, ಎಂಟಕ್ಕಿಂತ ಹೆಚ್ಚಿಲ್ಲ. ನಮ್ಮ ಪ್ರೋಗ್ರಾಮು ಕತ್ತರಿಸಿದ ಹೆಸರು ಹಾಗಿರುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲೇ ಹುಟ್ಟಿದ್ದು ಹಾಗಿರುತ್ತದೆ. ಅವುಗಳ ಮೇಲಿನ ತಾರೀಖಂತೂ ರಾಯದುರ್ಗ ಜೀನ್ಸ್ ಕಾಣುವುದಕ್ಕೂ ಎಷ್ಟೋ ಹಿಂದಿನದು. ಒಳಗಿನ ಬ್ಯಾಟರಿ ಸತ್ತ ಕಂಪ್ಯೂಟರು ಪ್ರತಿ ಸಲ ಹೊತ್ತಿಕೊಂಡಾಗಲೂ ತನ್ನ ಹುಟ್ಟಿದ ಕಾಲಕ್ಕೇ ಹಿಂದಿರುಗುತ್ತದೆ. ಆದರೆ ಫೈಲಿನೊಳಗೆ ಇದ್ದದ್ದು ಆ ತಿಂಗಳು ಹೊಲಿಯಲು ತೊಡಗಿದ್ದ ಹೊಸ ಡಿಸೈನು.

ಯಾರೋ ಈಗಲೂ ಅಂಥ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದರು, ಆದರೆ ಘಟಕದಲ್ಲಿ ಅದು ಇರಲಿಲ್ಲ. ಮಾಲೀಕರನ್ನು ಕೇಳಿದರೆ ಅವರು ನನ್ನನ್ನೇ ಮೇಲೆ ಕೆಳಗೆ ನೋಡಿದರು.

"ಹಳೇದು ಗುಜರಿಗೆ ಹಾಕಿ ಯಾವ ಕಾಲಾತ್ರಿ. ಯಾಕ ಕೇಳ್ತೀರಿ? ಹೊಸಾದು ತಗೋರಿ ಅನ್ನಾಕ ಏನ್ರಿ ಮತ್ತ?"

ಹಾಗಲ್ಲವೆಂದು ಫೈಲುಗಳನ್ನು ತೋರಿಸಿದೆ. ಅವರ ಅನುಮಾನ ನನ್ನಿಂದ ಜಿಗಿದು ಕಟಿಂಗ್ ಮಾಸ್ತರರ ಮೇಲೆ ಕೂತಿತು. ಮಾಸ್ತರು ಕಣೇಕಲ್ಲಿನಿಂದ ದಿನವೂ ಮೊದಲ ಬಸ್ಸಿಗೆ ಬರುವವರು. ಮಾದರಿ ಬಿಡಿಸುವುದೂ ಅವರೇ, ಬಟ್ಟೆ ಕತ್ತರಿಸುವುದೂ ಅವರೇ. ಅವರು ಬುತ್ತಿ ಚೀಲದಿಂದ, ಫೈಲು ತುಂಬಿ ತರುವ ಹಳೆಯ ಕಾಲದ ಫ್ಲಾಪಿ ತೆಗೆಯುವುದನ್ನು ನಾನೂ ಒಮ್ಮೆ ಕಂಡಿದ್ದೆ. ನನ್ನನ್ನು ನೋಡಿದ್ದೇ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದರು.

"ಬಳ್ಳಾರಿಯವರಿಗೆ ನಮ್ಮ ಡಿಸೈನ್ ಕೊಟ್ಟು ಅಲ್ಲಿಂದ ಏನೋ ತರ್ತಾನ್ರಿ," ಮಾಲೀಕರ ದನಿ ತಗ್ಗಿತು. "ನೀವು ಆ ಹಳೇದನ್ನ ಹೇಳದಂಗ ತೆಗೆದುಬಿಡ್ರಿ. ಯಾರು ಒದ್ದಾಡ್ತಾರ ನೋಡೋಣ."

ಅವರ ಲೆಕ್ಕ ತಪ್ಪೇನಿರಲಿಲ್ಲ. ನನಗೂ ಮಾಸ್ತರರ ಮೇಲೆ ಅನುಮಾನ ಇತ್ತು. ಅವರು ಕಂಪ್ಯೂಟರಿನ ಮುಂದೆ ಕೂತು ಗೆರೆ ಎಳೆದದ್ದನ್ನು ನಾನೊಂದು ದಿನವೂ ನೋಡಿರಲಿಲ್ಲ, ಮುಗಿದ ಮಾದರಿಯನ್ನು ತೆರೆದು ತೋರಿಸುವುದನ್ನಷ್ಟೇ ನೋಡಿದ್ದೆ. ಆದರೂ ನನ್ನ ಕೆಲಸವನ್ನು ಇಲಿಬೋನಿನ ಹಾಗೆ ಬಾಗಿಲಲ್ಲಿಟ್ಟು ಕಾಯುವುದು ನನಗೆ ಹಿಡಿಸಲಿಲ್ಲ. ಮಾಲೀಕರು ಊಟಕ್ಕೆ ಹೋದಾಗ ಮಾಸ್ತರರ ಬಳಿಗೆ ಹೋದೆ.

"ಮುಂದಿನ ವಾರದಿಂದ ಹಳೆ ಕಂಪ್ಯೂಟರಿನ ಫೈಲು ಇಲ್ಲಿ ತೆರೆಯಲ್ಲ ಮಾಸ್ತರ್ರೇ. ನಿಮ್ಮ ಹತ್ರ ಇದ್ರೆ ಈಗಲೇ ಹೇಳಿ."

ಕತ್ತರಿ ಅವರ ಕೈಯಲ್ಲೇ ನಿಂತಿತು. "ನಮ್ಮತ್ರ ಎಲ್ಲದಾವ್ರಿ ಹಳೇವು?" ಎಂದವರು ಬಟ್ಟೆಯಿಂದ ತಲೆ ಎತ್ತಲಿಲ್ಲ. ಸುಳ್ಳು ಎಂದು ನನಗೆ ಆಗಲೇ ಖಾತ್ರಿಯಾಯಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಒಬ್ಬ ಹೆಂಗಸು ನಮ್ಮ ಮನೆಯ ಮೆಟ್ಟಿಲ ಮುಂದೆ ನಿಂತಿದ್ದರು. ಬಿಸಿಲಿಗೆ ಸೆರಗು ತಲೆಯ ಮೇಲಿತ್ತು.

"ಅದನ್ನ ತೆಗಿಯಾಕ ಹತ್ತಿದವ್ರು ನೀವಾ ಏನ್ರಿ?"

"ಏನನ್ನ? ನೀವು ಯಾರು?"

"ಮಾಸ್ತರ ಹೆಂಡತಿರಿ. ಆ ಫೈಲ್‌ಗಳು ನನ್ನವ್ರಿ. ನಾನು ಬಿಡಿಸೋವು."

ಒಳಗೆ ಕರೆದು ನೀರು ಕೊಟ್ಟೆ, ಆದರೆ ನಂಬಲಿಲ್ಲ. ಸಿಕ್ಕಿಬಿದ್ದ ಗಂಡ ಹೆಂಡತಿಯನ್ನು ಕಳಿಸಿ ಕಥೆ ಹೇಳಿಸುತ್ತಿದ್ದಾನೆ ಎಂದೇ ನನ್ನ ಎಣಿಕೆ. ಆಕೆ ಅದನ್ನು ನನ್ನ ಮುಖದಲ್ಲೇ ಓದಿದರು. ಲೋಟ ಕೆಳಗಿಟ್ಟು, "ಬರ್ರಿ ಹಂಗಾದ್ರ, ಕಣ್ಣಿಲೆ ನೋಡ್ರಿ," ಎಂದರು.

ಕಣೇಕಲ್ಲಿನ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಕಾಲುವೆ ದಾಟಿ ಗದ್ದೆ ಬಂದ ಮೇಲೆ ಆಕೆ, ತಾವು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಸೇರಿದ್ದು, ಅಲ್ಲಿನ ಮಾದರಿ ಕೋಣೆಯ ಮೇಡಂ ಒಬ್ಬರು ಕೂಡಿಸಿಕೊಂಡು ಕೆಲಸ ಕಲಿಸಿದ್ದು ಎಲ್ಲವನ್ನೂ ಕಿಟಕಿಯ ಕಡೆಗೇ ತಿರುಗಿ ಹೇಳಿದರು. ಅತ್ತೆ ಹಾಸಿಗೆ ಹಿಡಿದಾಗ ಗಂಡ ಹೆಂಡತಿ ಊರಿಗೆ ಬಂದರು. ರಾಯದುರ್ಗದ ಘಟಕಕ್ಕೆ ಮಾದರಿ ಬಿಡಿಸುವವರು ಬೇಕೆಂದು ಕೇಳಿ ಇವರೇ ಹೋದರೆ, ಬಾಗಿಲಲ್ಲಿ ಕೂತಿದ್ದವರು "ಮಾಸ್ತರು ಬೇಕವ್ವಾ, ಹೆಣ್ಮಕ್ಕಳಿಗೆ ಮಿಷನ್ ಐತೆ" ಎಂದರಂತೆ. ಮರುವಾರ ಗಂಡ ಹೋದರು. ಕತ್ತರಿ ಹಿಡಿಯುವುದು ಅವರಿಗೆ ಬರುತ್ತಿತ್ತು, ಬಿಡಿಸುವುದು ಬರುತ್ತಿರಲಿಲ್ಲ. ಘಟಕದವರು ಗುಜರಿಗೆ ಹಾಕಿದ ಕಂಪ್ಯೂಟರನ್ನು ಅವರೇ ಕೇಳಿ ಮನೆಗೆ ಹೊತ್ತು ತಂದಿದ್ದರು.

ಅದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ, ಹಳೆ ಸೀರೆಯ ಮುಸುಕಿನೊಳಗೆ ಇತ್ತು. ನಾನು ಇನ್ನೂ ಪರೀಕ್ಷಕಿಯ ಹಾಗೆ ಗೋಡೆಗೆ ಒರಗಿ ನಿಂತಿದ್ದೆ. ಒಳಕೋಣೆಯಿಂದ ಅತ್ತೆ ಎರಡು ಸಲ ಕರೆದರು, ಆಕೆ ಎರಡು ಸಲವೂ ಎದ್ದು ಹೋಗಿ ಬಂದರು. ಕೂತ ಮೇಲೆ ಮಾತ್ರ ಕೈ ತಡವರಿಸಲಿಲ್ಲ. ಸೊಂಟದ ಗೆರೆ ಎಳೆದು, ಹಿಂಜೇಬಿನ ಬಾಯಿಯನ್ನು ಒಂದಿಷ್ಟು ಓರೆ ಮಾಡಿ, "ಕೂತಾಗ ಹಿಂಜೋದು ಇಲ್ಲೇರಿ," ಎಂದರು. ನಾನು ಗೋಡೆ ಬಿಟ್ಟು ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡೆ.

"ಹಳೇದನ್ನ ಹಂಗ ಬಿಡಾಕ ಆಗಲ್ಲೇನ್ರಿ?" ಎಂದು ಕೇಳಿದರು.

ಆಗುವುದಿಲ್ಲ, ಅದು ಬೇರೆ ಮಾದರಿಗಳನ್ನು ಅಳಿಸುತ್ತಿದೆ ಎಂದೆ. ಮಕ್ಕಳ ಪ್ಯಾಂಟಿನ ಹಿಂಭಾಗ ಹೋದದ್ದು ಹೇಗೆಂದು ವಿವರಿಸಿದಾಗ ಆಕೆ ಹಣೆ ಒತ್ತಿಕೊಂಡರು. ಅದನ್ನು ಬಿಡಿಸಿದ್ದೂ ಅವರೇ, ಘಟಕದಲ್ಲಿ ಅದಕ್ಕೆ ಉದ್ದ ಹೆಸರು ಕೊಟ್ಟಿಟ್ಟಿದ್ದು ಗಂಡ. ಅಳತೆ ಕೆಟ್ಟದ್ದು ತನ್ನ ಕೈತಪ್ಪಿನಿಂದಲೇ ಎಂದು ಅಷ್ಟು ದಿನ ಕೊರಗಿದ್ದರಂತೆ.

"ಹಂಗಾದ್ರ ತೆಗೀರಿ," ಎಂದರು. "ನನ್ನವೆಲ್ಲ ಹೊಸಾದಕ್ಕ ಹಾಕಿ ಕೊಟ್ಟು ತೆಗೀರಿ."

ಅವರ ಹಳೆಯ ಮಾದರಿಗಳನ್ನು ಹೊಸ ಬಗೆಗೆ ತಿರುಗಿಸಲು ನಾನೊಂದು ಚಿಕ್ಕ ಪ್ರೋಗ್ರಾಮು ಬರೆದೆ. ಅಣ್ಣನೂ ಮಡಕಶಿರದಲ್ಲಿ ಕೂತು ಮೊಮ್ಮಗಳಿಂದ ಓದಿಸಿಕೊಂಡು ನೆರವಾದರು. "ನಾನು ಬರ್ದಿದ್ದು ಒಬ್ಬರ ಮನೇಲಾದ್ರೂ ಉಸಿರಾಡ್ತಿತ್ತಲ್ಲಮ್ಮ," ಎಂದರು. ಫ್ಲಾಪಿಗಳು ಒಂದೊಂದಾಗಿ ಓದಿಸಿಕೊಂಡವು. ಬೂಸಲು ಹಿಡಿದಿದ್ದ ಕೆಲವು ಓದಿಸಿಕೊಳ್ಳಲೇ ಇಲ್ಲ. ಅದೆಲ್ಲ ಮುಗಿದ ಮೇಲೆಯೇ ಹಳೆಯ ಭಾಗವನ್ನು ಅಳಿಸಿದೆ. ಹೊಸ ಪ್ರೋಗ್ರಾಮಿನಲ್ಲಿ ಎರಡು ಹಿಂಭಾಗಗಳೂ ತಂತಮ್ಮ ಹೆಸರಿನಲ್ಲಿ ಉಳಿದವು.

ಮನೆಯ ಹಳೆಯ ಕಂಪ್ಯೂಟರಿನಲ್ಲಿ ಬಿಡಿಸಿದ್ದು ಇನ್ನು ಘಟಕದಲ್ಲಿ ತೆರೆಯುವಂತಿರಲಿಲ್ಲ. ಆಕೆ ನೇರ ಘಟಕಕ್ಕೆ ಬಂದು ಮಾಲೀಕರ ಮುಂದೆ ನಿಂತರು. ಮಾಸ್ತರು ಹಿಂದೆ, ಬಾಗಿಲ ಬಳಿ.

"ಇಷ್ಟು ವರ್ಷ ನನಗ ಮೋಸ ಮಾಡೀರೇನು?" ಮಾಲೀಕರು ಮೇಜು ಗುದ್ದಿದರು.

"ಬಳ್ಳಾರಿಗೆ ಏನೂ ಕೊಟ್ಟಿಲ್ರಿ. ಬಾಗಿಲಾಗಿಂದ ನನ್ನ ವಾಪಸ್ ಕಳಿಸಿದ್ದು ನಿಮ್ಮೋರ್ರಿ," ಎಂದರು ಆಕೆ. "ಇಲ್ಲೇ ಕೂತು ಬಿಡಸ್ತೀನಿ. ಬ್ಯಾಡಂದ್ರ ಹೇಳ್ರಿ, ಹೋಗ್ತೀನಿ."

ಮಾಲೀಕರು ಹೋಗೆನ್ನಲಿಲ್ಲ. ಆಮೇಲೆ ನನ್ನನ್ನು ಬೇರೆ ಕರೆದು, ಯಾರು ಯಾವ ಫೈಲು ತೆರೆದರೆಂದು ತಮಗೆ ಕಾಣುವಂತೆ ಮಾಡಿಕೊಡಲು ಕೇಳಿದರು. ಆಗುವುದಿಲ್ಲವೆಂದೆ. ಅಂದಿನಿಂದ ನನ್ನನ್ನು ಕಂಡರೆ ಅವರ ಮಾತು ಅಳೆದು ಬರತೊಡಗಿತು. ಮಾಸ್ತರರೂ ಬಹಳ ದಿನ ನನ್ನ ಮುಖ ನೋಡಲಿಲ್ಲ. ನಾನು ಅವರ ಬದುಕು ಹಗುರ ಮಾಡಿದೆನೋ, ಮರ್ಯಾದೆ ಕಳೆದೆನೋ, ಅವರಿಗೇ ತಿಳಿದಿತ್ತೋ ಇಲ್ಲವೋ.

ಆಕೆಗೆಂದು ಹಾಕಿಸಿದ ಮೇಜು, ಮಾಲೀಕರ ಕುರ್ಚಿಯಿಂದ ಕಂಪ್ಯೂಟರಿನ ಪರದೆ ಪೂರಾ ಕಾಣುವ ಜಾಗದಲ್ಲಿತ್ತು. ಆಕೆ ಬಂದು ಕೂತರು, ಒಂದು ಗಳಿಗೆ ಸುತ್ತ ನೋಡಿದರು. ಆಮೇಲೆ ಎದ್ದು, ಒಬ್ಬರೇ ಮೇಜನ್ನು ಎಳೆದು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡರು.